ಮೊದಲ ಆಪರೇಷನ್ನಿಗೆ ಮುನ್ನ

ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಕಾಯಿಲೆ ದೊಡ್ಡದು ಎಂದು ಗೊತ್ತಾದ ಕೂಡಲೇ ಒಂದು ಚರ್ಚೆ ಶುರುವಾಗುತ್ತದೆ. ಮಂಗಳೂರಿಗೋ, ತಿರುವನಂತಪುರಕ್ಕೋ? ಮಂಗಳೂರು ಬರೀ ಐವತ್ತು ಕಿಲೋಮೀಟರ್. ಮಾತು ನಮ್ಮದೇ, ನೆಂಟರಿದ್ದಾರೆ, ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ತಿರುವನಂತಪುರ ರೈಲಿನಲ್ಲಿ ಸುಮಾರು 580 ಕಿಲೋಮೀಟರ್. ಆದರೆ ಅಲ್ಲಿ ಆರ್‌ಸಿಸಿ ಇದೆ, ಅಂದರೆ 1981ರಲ್ಲಿ ಶುರುವಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಕೇರಳ ಸರ್ಕಾರದ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತದೆ. ಹಾಗಾಗಿ ಮಾವೇಲಿಯಲ್ಲೋ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲೋ ಸಂಜೆ ಹೊರಟು, ಸ್ಕ್ಯಾನಿಂಗ್ ಕವರನ್ನು ತಲೆಯ ಕೆಳಗಿಟ್ಟು ಮಲಗಿ, ಮರುದಿನ ಬೆಳಿಗ್ಗೆ ಮೆಡಿಕಲ್ ಕಾಲೇಜು ಆವರಣದಲ್ಲಿ ಸಾಲು ನಿಲ್ಲುವವರು ಇಂದಿಗೂ ಇದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಲಾಕ್‌ಡೌನಿನಲ್ಲಿ, ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಈ ಚರ್ಚೆಗೆ ಜಾಗವೇ ಉಳಿಯಲಿಲ್ಲ. ಗಡಿಯ ತಲಪಾಡಿ ದಾಟಲಾಗದೆ ರೋಗಿಗಳು ಸತ್ತರು, ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. 2023ರ ಏಪ್ರಿಲ್‌ನಿಂದ ತಿರುವನಂತಪುರಕ್ಕೆ ವಂದೇ ಭಾರತ್ ರೈಲು ಓಡುತ್ತಿದೆ. ಎಂಟು ಗಂಟೆಯ ದಾರಿ, ಟಿಕೆಟು ಕೊಳ್ಳಬಲ್ಲವರಿಗೆ.

ಈ ಪ್ರಯಾಣಿಕರಲ್ಲಿ ಸಣ್ಣದೊಂದು ಗುಂಪಿನ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಪಿಯುಸಿ ಓದುತ್ತಿರುವ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗದವಳು, ಮದುವೆಯಾಗಿ ಇನ್ನೂ ಮಕ್ಕಳಾಗದವಳು. ಫೈಲು ತಾಯಿಯ ಕೈಯಲ್ಲಿರುತ್ತದೆ. ಊರಿಗೆ ಹೇಳಿರುವುದು 'ಹೊಟ್ಟೆನೋವು' ಎಂದು ಮಾತ್ರ. ರಿಪೋರ್ಟಿನಲ್ಲಿರುವುದು ಅಂಡಾಶಯದ ಗಡ್ಡೆ, ಕ್ಯಾನ್ಸರ್ ಇರಬಹುದೆಂಬ ಶಂಕೆ. ಮನೆಯವರು ಜೋರಾಗಿ ಕೇಳುವ ಪ್ರಶ್ನೆ 'ಬದುಕ್ತಾಳಾ?' ಎಂಬುದು. ಕೇಳದೆ ನುಂಗಿಕೊಳ್ಳುವ ಇನ್ನೊಂದು ಪ್ರಶ್ನೆ 'ಮಕ್ಕಳಾಗ್ತವಾ?' ಎಂಬುದು. ಎರಡನೆಯದನ್ನು ಕೇಳುವುದೇ ಸ್ವಾರ್ಥ, ಜೀವ ಉಳಿದರೆ ಸಾಕು ಎಂಬ ಭಾವನೆ ಅವರದು. ಕೇಳಬೇಕು, ಆಪರೇಷನ್ನಿಗೆ ಮೊದಲೇ ಕೇಳಬೇಕು. ಬಹಳಷ್ಟು ಸಂದರ್ಭಗಳಲ್ಲಿ ಎರಡಕ್ಕೂ 'ಹೌದು' ಎನ್ನುವ ಉತ್ತರ ಇದೆ.

ಭಾರತದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ನಂತರದ ಸ್ಥಾನ ಅಂಡಾಶಯದ್ದು. 2022ರ ಗ್ಲೋಬೋಕಾನ್ ಅಂದಾಜಿನಲ್ಲಿ ಹೊಸ ರೋಗಿಗಳು ಸುಮಾರು 47 ಸಾವಿರ, ಸಾವು ಸುಮಾರು 33 ಸಾವಿರ. ಇಷ್ಟು ಸಾವಿಗೆ ಕಾರಣ ತಡವಾಗಿ ಗೊತ್ತಾಗುವುದು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಲಕ್ಷಣಗಳು. ಇದಕ್ಕೆಲ್ಲ ನಮ್ಮಲ್ಲಿ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು, ಮೆಡಿಕಲ್ ಶಾಪಿನ ಒಂದೇ ಮಾತ್ರೆ. ಆದರೂ ಕೆಲವರಲ್ಲಿ ಗಡ್ಡೆ ಅಂಡಾಶಯ ಬಿಟ್ಟು ಹೊರಬರುವ ಮೊದಲೇ ಸಿಕ್ಕಿಬೀಳುತ್ತದೆ. ಅದನ್ನು ಒಂದನೇ ಹಂತ ಎನ್ನುತ್ತಾರೆ. ಒಂದೇ ಅಂಡಾಶಯದಲ್ಲಿದ್ದು ಹೊದಿಕೆ ಒಡೆಯದಿದ್ದರೆ 1ಎ, ಎರಡರಲ್ಲೂ ಇದ್ದರೆ 1ಬಿ, ಹೊದಿಕೆ ಒಡೆದಿದ್ದರೆ ಅಥವಾ ಹೊಟ್ಟೆಯ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿದರೆ 1ಸಿ.

ಅಂಡಾಶಯದ ಕ್ಯಾನ್ಸರ್ ಎಂಬುದು ಒಂದೇ ರೋಗವೂ ಅಲ್ಲ. ಅಮ್ಮಂದಿರ ವಯಸ್ಸಿನವರಿಗೆ ಬರುವುದು ಹೆಚ್ಚಾಗಿ ಎಪಿಥೀಲಿಯಲ್ ಬಗೆಯದ್ದು, ಅಂಡಾಶಯದ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತು ಇದೇ. ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೆ ಬರುವುದು ಹೆಚ್ಚಾಗಿ ಜರ್ಮ್ ಸೆಲ್ ಗಡ್ಡೆ. ಅಂಡಾಣು ಹುಟ್ಟುವ ಮೂಲಕೋಶಗಳಿಂದಲೇ ಏಳುವಂಥದ್ದು ಇದು. ಡಿಸ್‌ಜರ್ಮಿನೋಮಾ, ಯೋಕ್ ಸ್ಯಾಕ್, ಇಮೆಚ್ಯೂರ್ ಟೆರಟೋಮಾ ಎಂದು ರಿಪೋರ್ಟಿನಲ್ಲಿ ಬರೆದಿರುವುದು ಇವುಗಳನ್ನೇ. ವಾರಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಹುಡುಗಿಯ ಹೊಟ್ಟೆ ಉಬ್ಬಿದ್ದು ಕಂಡು ಮನೆಯಲ್ಲಿ ಅನುಮಾನದ ಪಿಸುಮಾತು ಹುಟ್ಟುವುದೂ ಉಂಟು. ಯಾವ ತಪ್ಪೂ ಇಲ್ಲದ ಮಗುವಿಗೆ ರೋಗಕ್ಕಿಂತ ಮೊದಲು ತಟ್ಟುವ ಶಿಕ್ಷೆ ಅದು. ಇವಲ್ಲದೆ ಬಾರ್ಡರ್‌ಲೈನ್ ಗಡ್ಡೆಗಳಿವೆ. ಪೂರ್ತಿ ಕ್ಯಾನ್ಸರ್ ಅಲ್ಲ, ಸಾಧು ಎನ್ನುವಂತೆಯೂ ಇಲ್ಲ.

ಜರ್ಮ್ ಸೆಲ್ ಗಡ್ಡೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಅಂಗ ಉಳಿಸುವ ಶಸ್ತ್ರಚಿಕಿತ್ಸೆಗೆ ಧೈರ್ಯ ಬಂದದ್ದು ಅಲ್ಲಿಂದ. 1965ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ನಿಲ್ಲಿಸಿಬಿಟ್ಟವು. ವಿದ್ಯುತ್ತು ಕಾರಣವಲ್ಲ, ಎಲೆಕ್ಟ್ರೋಡಿನ ಪ್ಲಾಟಿನಂ ಕರಗಿ ಸೇರಿದ್ದೇ ಕಾರಣ ಎಂದು ಆಮೇಲೆ ತಿಳಿಯಿತು. ಹೀಗೆ ಸಿಕ್ಕ ಔಷಧಿಯೇ ಸಿಸ್‌ಪ್ಲಾಟಿನ್. 1974ರಲ್ಲಿ ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ ಅದನ್ನು ಗಂಡಸರ ವೃಷಣದ ಕ್ಯಾನ್ಸರಿಗೆ ಬೇರೆ ಔಷಧಿಗಳ ಜೊತೆ ಸೇರಿಸಿ ಕೊಟ್ಟರು. ಸಾಯಬೇಕಾಗಿದ್ದ ಹುಡುಗರು ಎದ್ದು ಮನೆಗೆ ಹೋದರು. ಅಂಡಾಶಯದ ಜರ್ಮ್ ಸೆಲ್ ಗಡ್ಡೆಯೂ ಅದೇ ಕುಲದ್ದು, ಅದೇ ಔಷಧಿಗೆ ಬಗ್ಗಿತು. ಅದಕ್ಕೂ ಮೊದಲು ಯೋಕ್ ಸ್ಯಾಕ್ ಗಡ್ಡೆ ಬಂದ ಹುಡುಗಿಯ ಎರಡೂ ಅಂಡಾಶಯ, ಗರ್ಭಕೋಶ ಎಲ್ಲ ತೆಗೆದರೂ ಉಳಿಯುವವರು ಅಪರೂಪವಾಗಿದ್ದರು. ಇಂದು ಕೊಡುವುದು ಬಿಇಪಿ ಎಂದು ಕರೆಯುವ ಮೂರು ಔಷಧಿಗಳ ಕೂಟ, ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. ಆರಂಭದ ಹಂತದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ರೋಗ ಹರಡಿದ್ದರೂ ಇನ್ನೊಂದು ಅಂಡಾಶಯ, ಗರ್ಭಕೋಶ ಉಳಿಸಿಕೊಂಡೇ ಚಿಕಿತ್ಸೆ ಮಾಡಬಹುದು. 1ಎ ಹಂತದ ಡಿಸ್‌ಜರ್ಮಿನೋಮಾಕ್ಕೆ ಕೀಮೋ ಕೂಡ ಬೇಡ, ಆಪರೇಷನ್ ಆದ ಮೇಲೆ ಕಾದು ನೋಡಿದರೆ ಸಾಕು. ಕೀಮೋ ಮುಗಿದ ಮೇಲೆ ಬಹುಪಾಲು ಹುಡುಗಿಯರಿಗೆ ಮುಟ್ಟು ಮರಳಿ ಬರುತ್ತದೆ.

ಎಪಿಥೀಲಿಯಲ್ ಬಗೆಯಲ್ಲಿ ಇಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಇಲ್ಲಿ ಹಂತ, ಗ್ರೇಡು, ಕೋಶದ ಬಗೆ ಮೂರನ್ನೂ ತೂಗಬೇಕು. ಜಪಾನಿನ 30 ಸಂಸ್ಥೆಗಳು ಸೇರಿ, ಅಂಗ ಉಳಿಸುವ ಆಪರೇಷನ್ ಆದ 211 ಹೆಣ್ಣುಮಕ್ಕಳ ವಿವರವನ್ನು 2010ರಲ್ಲಿ ಪ್ರಕಟಿಸಿದವು. ಇಟಲಿಯ ವೈದ್ಯರು 2013ರಲ್ಲಿ 240 ಮಂದಿಯ ಲೆಕ್ಕ ಕೊಟ್ಟರು. ಇಟಲಿಯ ಪಟ್ಟಿಯಲ್ಲಿ ರೋಗ ಮರುಕಳಿಸಿದ್ದು 27 ಜನರಿಗೆ. ಮಕ್ಕಳು ಬೇಕೆಂದು ಪ್ರಯತ್ನಿಸಿದವರು 105, ಗರ್ಭ ಧರಿಸಿದವರು 84. ಓದಿದವರಿಗೆ ಸಮಾಧಾನ ಕೊಡುವ ಸಂಖ್ಯೆಗಳೇ. ಆದರೆ ಎರಡೂ ಲೆಕ್ಕಗಳಲ್ಲಿ ಒಂದು ಎಚ್ಚರಿಕೆ ಇದೆ. ಗ್ರೇಡ್ 3, ಅಂದರೆ ಉಗ್ರ ಸ್ವಭಾವದ ಗಡ್ಡೆಯಾದರೆ ಮರುಕಳಿಸುವ ಭಯ ಹೆಚ್ಚು. ಉಳಿಸಿದ ಅಂಡಾಶಯದಲ್ಲಿ ರೋಗ ಮತ್ತೆ ಕಂಡರೆ ಅದನ್ನು ತೆಗೆದು ಜೀವ ಉಳಿಸಬಹುದು, ಹೊಟ್ಟೆಯ ಬೇರೆ ಕಡೆ ಕಂಡರೆ ಕಷ್ಟ. ಹೀಗಾಗಿ 1ಎ ಹಂತ, ಗ್ರೇಡ್ 1 ಅಥವಾ 2 ಎಂದರೆ ವೈದ್ಯರು ಹಿಂಜರಿಯುವುದಿಲ್ಲ. ಗ್ರೇಡ್ 3, ಅಥವಾ 1ಸಿ ಹಂತದ ಕ್ಲಿಯರ್ ಸೆಲ್ ಬಗೆ ಎಂದರೆ ಕೂತು ಮಾತಾಡಬೇಕಾಗುತ್ತದೆ, ಕೆಲವೊಮ್ಮೆ 'ಬೇಡಮ್ಮಾ' ಎನ್ನಬೇಕಾಗುತ್ತದೆ. ಎಲ್ಲರಿಗೂ ಉಳಿಸಿಕೊಡುತ್ತೇವೆ ಎನ್ನುವ ಆಸ್ಪತ್ರೆಯನ್ನೂ ನಂಬಬಾರದು.

ಆಪರೇಷನ್ ಥಿಯೇಟರಿನಲ್ಲಿ ನಡೆಯುವುದೇನು? ಹೊರಗೆ ಕೂತವರಿಗೆ 'ಒಂದು ಕಡೆಯದ್ದು ತೆಗೆದರು' ಎಂದಷ್ಟೇ ತಿಳಿಯುತ್ತದೆ. ಒಳಗಿನ ಕೆಲಸ, ನಿಜ ಹೇಳಬೇಕೆಂದರೆ, ಎಲ್ಲ ತೆಗೆಯುವುದಕ್ಕಿಂತ ಹೆಚ್ಚು ನಾಜೂಕಿನದು. ಹೊಟ್ಟೆ ತೆರೆದ ಕೂಡಲೇ ಅಲ್ಲಿರುವ ನೀರನ್ನು ಪರೀಕ್ಷೆಗೆ ತೆಗೆದಿಡುತ್ತಾರೆ, ನೀರಿಲ್ಲದಿದ್ದರೆ ಸಲೈನ್ ಹಾಕಿ ತೊಳೆದು ಅದನ್ನು ಸಂಗ್ರಹಿಸುತ್ತಾರೆ. ಆಮೇಲೆ ಗಡ್ಡೆಯಿರುವ ಅಂಡಾಶಯವನ್ನೂ ಆ ಬದಿಯ ನಾಳವನ್ನೂ ಇಡಿಯಾಗಿ ತೆಗೆಯಬೇಕು. ನಮ್ಮ ಕರಾವಳಿಯಲ್ಲಿ ಮರದ ತುದಿಯ ಹಲಸಿನ ಹಣ್ಣನ್ನು ಹಗ್ಗ ಕಟ್ಟಿ ನೆಲಕ್ಕೆ ತಾಗದಂತೆ ಇಳಿಸುತ್ತಾರಲ್ಲ, ಅಷ್ಟೇ ಜೋಪಾನ ಇಲ್ಲಿಯೂ ಬೇಕು. ಒಡೆದರೆ 1ಎ ಇದ್ದದ್ದು ವೈದ್ಯರ ಕೈಯಲ್ಲೇ 1ಸಿ ಆಗುತ್ತದೆ, ಕೀಮೋ ಬೇಡವಾಗಿದ್ದವಳಿಗೆ ಕೀಮೋ ಬೇಕಾಗಬಹುದು. ಲ್ಯಾಪ್ರೋಸ್ಕೋಪಿಯಲ್ಲಿ ಸಣ್ಣ ತೂತಿನಿಂದ ದೊಡ್ಡ ಗಡ್ಡೆಯ ನೀರು ಹೀರಿ ಕುಗ್ಗಿಸಿ ತೆಗೆಯುವ ಉತ್ಸಾಹಕ್ಕೆ ಇಲ್ಲಿ ಜಾಗವಿಲ್ಲ.

ತೆಗೆದ ಗಡ್ಡೆ ನೇರ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ಅದರ ತುಣುಕನ್ನು ಹೆಪ್ಪುಗಟ್ಟಿಸಿ, ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಪೆಥಾಲಜಿಸ್ಟ್ ಥಿಯೇಟರಿಗೆ ಸುದ್ದಿ ಕಳಿಸುವವರೆಗೆ ಸರ್ಜನ್ ಕಾಯುತ್ತಾರೆ. ಇದೇ ಫ್ರೋಜನ್ ಸೆಕ್ಷನ್. ಪೂರ್ತಿ ನಂಬಲು ಬರುವುದಿಲ್ಲ, ಅದರಲ್ಲೂ ಲೋಳೆ ತುಂಬಿದ ದೊಡ್ಡ ಮ್ಯೂಸಿನಸ್ ಗಡ್ಡೆಗಳಲ್ಲಿ. ಅನುಮಾನ ಉಳಿದರೆ ಹುಡುಗಿಯ ಪರವಾಗಿ ನಿಲ್ಲಬೇಕು, ಅಂದರೆ ಉಳಿದ ಅಂಗ ಮುಟ್ಟದೆ ಹೊಟ್ಟೆ ಮುಚ್ಚಿ ಪೂರ್ಣ ವರದಿಗೆ ಕಾಯಬೇಕು. ಬೇಕಾದರೆ ಎರಡನೇ ಆಪರೇಷನ್ ಮಾಡಬಹುದು, ತೆಗೆದ ಗರ್ಭಕೋಶ ಮತ್ತೆ ಇಡಲು ಬರುವುದಿಲ್ಲ. ಕ್ಯಾನ್ಸರ್ ಎಂದು ಖಚಿತವಾದರೆ ವಪೆಯಿಂದ ಕಿಬ್ಬೊಟ್ಟೆಯವರೆಗೆ ಎಲ್ಲವನ್ನೂ ಕಣ್ಣಿಟ್ಟು ಕೈಯಿಟ್ಟು ನೋಡಬೇಕು, ಕರುಳಿನ ಮುಂದೆ ತೂಗುವ ಕೊಬ್ಬಿನ ಪರದೆಯನ್ನು ತೆಗೆಯಬೇಕು, ಅಲ್ಲಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅಗತ್ಯವಿದ್ದರೆ ದುಗ್ಧಗ್ರಂಥಿಗಳನ್ನೂ. ಇದಕ್ಕೇ ಸ್ಟೇಜಿಂಗ್ ಎನ್ನುವುದು. ಇನ್ನೊಂದು ಅಂಡಾಶಯ ಚೆನ್ನಾಗಿ ಕಂಡರೆ ಅದಕ್ಕೆ ಕತ್ತರಿ ಹಾಕಬಾರದು, ಸುಮ್ಮನೆ ಚೂರು ತೆಗೆದರೂ ಅಂಟಿಕೊಂಡು ಗರ್ಭಧಾರಣೆಗೆ ಅಡ್ಡಿಯಾಗಬಹುದು. ಎಂಡೋಮೆಟ್ರಿಯಾಯ್ಡ್ ಬಗೆಯಾದರೆ ಗರ್ಭಕೋಶದ ಒಳಪದರವನ್ನೂ ಪರೀಕ್ಷಿಸಬೇಕು, ಅಲ್ಲಿ ಜೊತೆಜೊತೆಗೇ ಇನ್ನೊಂದು ಕ್ಯಾನ್ಸರ್ ಇರುವುದುಂಟು.

ಇಷ್ಟೆಲ್ಲ ನಡೆಯಬೇಕಾದರೆ ಸ್ತ್ರೀರೋಗ ಕ್ಯಾನ್ಸರ್ ಸರ್ಜನ್, ಪೆಥಾಲಜಿಸ್ಟ್, ಕೀಮೋ ವೈದ್ಯರು ಒಂದೇ ಸೂರಿನಡಿ ಇರಬೇಕು. ಕೇರಳದ ಬಗ್ಗೆ ಮಾತು ಬರುವುದು ಇಲ್ಲಿಯೇ. ತಿರುವನಂತಪುರದ ಆರ್‌ಸಿಸಿ ಕಟ್ಟಿದ ಡಾ. ಎಂ. ಕೃಷ್ಣನ್ ನಾಯರ್ ಅದರ ಸ್ಥಾಪಕ ನಿರ್ದೇಶಕರು. 2001ರಲ್ಲಿ ಪದ್ಮಶ್ರೀ ಪಡೆದ ಅವರು ತೀರಿಕೊಂಡದ್ದು 2021ರಲ್ಲಿ. ಆ ನಗರದಲ್ಲಿ ಹೆಂಗಸರ ಶಸ್ತ್ರಚಿಕಿತ್ಸೆಯ ಚರಿತ್ರೆ ಅದಕ್ಕಿಂತ ಹಳೆಯದು. ಲಂಡನ್ನಿನಲ್ಲಿ ವೈದ್ಯಕೀಯ ಓದಿ ಬಂದ ಮೇರಿ ಪುನ್ನೆನ್ ಲೂಕೋಸ್ ಅಲ್ಲಿನ ತೈಕ್ಕಾಡ್ ಆಸ್ಪತ್ರೆಯಲ್ಲಿ ದುಡಿದರು, 1938ರಲ್ಲಿ ತಿರುವಾಂಕೂರು ಸಂಸ್ಥಾನದ ಸರ್ಜನ್ ಜನರಲ್ ಆದರು. ಹೆಣ್ಣಿನ ಕೈಗೆ ಇಡೀ ಸಂಸ್ಥಾನದ ಆಸ್ಪತ್ರೆಗಳನ್ನು ಒಪ್ಪಿಸಿದ ಊರು ಅದು. ಮೆಡಿಕಲ್ ಕಾಲೇಜು ಆವರಣದಲ್ಲಿ ಆರ್‌ಸಿಸಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಹೆಂಗಸರು ಮಕ್ಕಳ ಎಸ್‌ಎಟಿ ಆಸ್ಪತ್ರೆ ಇದೆ. ಎಳವೆಯಲ್ಲೇ ತೀರಿಕೊಂಡ ರಾಜಕುಮಾರ ಅವಿಟ್ಟಂ ತಿರುನಾಳ್ ನೆನಪಿಗೆ 1952ರಲ್ಲಿ ತೆರೆದದ್ದು. ಅಲ್ಲಿ ಸರ್ಕಾರಿ ಬಂಜೆತನ ಚಿಕಿತ್ಸಾ ವಿಭಾಗವಿದೆ. ಕ್ಯಾನ್ಸರ್ ತೆಗೆಯುವವರೂ ಮಗು ಕೊಡುವವರೂ ಒಂದೇ ಕಾಂಪೌಂಡಿನಲ್ಲಿ ಸಿಗುವುದು, ಅದೂ ಸರ್ಕಾರಿ ದರದಲ್ಲಿ, ಭಾರತದಲ್ಲಿ ಸಾಮಾನ್ಯ ಸಂಗತಿ ಅಲ್ಲ.

ಕೊಚ್ಚಿಯ ದಾರಿ ಬೇರೆ. ಇಡಪ್ಪಳ್ಳಿಯ ಅಮೃತ ಆಸ್ಪತ್ರೆಯನ್ನು 1998ರಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದರು. ಸ್ತ್ರೀರೋಗ ಕ್ಯಾನ್ಸರಿಗೆಂದೇ ಪ್ರತ್ಯೇಕ ವಿಭಾಗ, ಅದರಲ್ಲೇ ಪರಿಣತಿ ಕೊಡುವ ಉನ್ನತ ತರಬೇತಿ, ರೋಬೋಟ್ ಶಸ್ತ್ರಚಿಕಿತ್ಸೆ ಎಲ್ಲ ಅಲ್ಲಿದೆ. ಕಳಮಶ್ಶೇರಿಯಲ್ಲಿ ಸರ್ಕಾರ ಕಟ್ಟಿದ ಕೊಚ್ಚಿನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ಇದೆ. ನಮ್ಮ ಕಾಸರಗೋಡಿನವರಿಗೆ ಹತ್ತಿರದ್ದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ನೂರು ಕಿಲೋಮೀಟರ್ ಆಸುಪಾಸು. ಕರ್ನಾಟಕದವರಿಗೆ 1973ರಿಂದ ಬೆಂಗಳೂರಿನ ಕಿದ್ವಾಯಿ ಇದೆ. ಆದ್ದರಿಂದ 'ಹೋಗಲು ಜಾಗವಿಲ್ಲ' ಎಂಬ ಮಾತು ಈಗ ಸಲ್ಲದು. ತೊಂದರೆ ಇರುವುದು ಅಲ್ಲಿಗೆ ಹೋಗುವ ಮೊದಲು.

ಹದಿನೆಂಟರ ಹುಡುಗಿ ಎಂದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಹಿಡಿದು ಒದ್ದಾಡುತ್ತಾಳೆ. ಗಡ್ಡೆ ತಿರುಚಿಕೊಂಡಿರುತ್ತದೆ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿ, ಬೆಳಗಾಗುವುದರೊಳಗೆ ಹೊಟ್ಟೆ ತೆರೆಯುತ್ತಾರೆ. ತುರ್ತಿನಲ್ಲಿ ಅದು ಸರಿಯೇ. ಆದರೆ ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್, ಸಿಎ 125 ಎಂಬ ನಾಲ್ಕು ರಕ್ತಪರೀಕ್ಷೆಗೆ ಒಂದು ಸಿರಿಂಜು ರಕ್ತ ತೆಗೆದಿಡಲು ಎರಡು ನಿಮಿಷ ಸಾಕು. ತೆಗೆದಿಡುವುದಿಲ್ಲ. ಗಡ್ಡೆ ಒಡೆಯುತ್ತದೆ, ಸ್ಟೇಜಿಂಗ್ ಆಗುವುದಿಲ್ಲ, ತುಣುಕು ಎಲ್ಲಿಗೆ ಹೋಯಿತೆಂಬ ದಾಖಲೆ ಇರುವುದಿಲ್ಲ. ಹದಿನೈದು ದಿನಕ್ಕೆ 'ಕ್ಯಾನ್ಸರ್' ಎಂಬ ವರದಿ ಬಂದಾಗ ದೊಡ್ಡಾಸ್ಪತ್ರೆಯವರ ಕೈಯಲ್ಲಿ ಅರ್ಧ ಮಾಹಿತಿಯೂ ಇರುವುದಿಲ್ಲ. ಇದಕ್ಕೆ ವಿರುದ್ಧವಾದ ಎಡವಟ್ಟೂ ಇದೆ. ಸಿಎ 125 ಏರಿದ್ದನ್ನು ಕಂಡು ಗಾಬರಿಯಾಗುವುದು. ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಲ್ಲಿ, ಮುಟ್ಟಿನ ದಿನಗಳಲ್ಲಿ, ನಮ್ಮ ದೇಶದಲ್ಲಿ ಮುಖ್ಯವಾಗಿ ಹೊಟ್ಟೆಯ ಕ್ಷಯದಲ್ಲಿ ಕೂಡ ಅದು ಏರುತ್ತದೆ. ಮಾತ್ರೆಯಲ್ಲಿ ವಾಸಿಯಾಗುವ ಕ್ಷಯಕ್ಕೆ ಗರ್ಭಕೋಶ ಕಳೆದುಕೊಳ್ಳುವ ಅಪಾಯ ಅಲ್ಲಿದೆ.

ಗರ್ಭಕೋಶ ತೆಗೆಯುವುದು ನಮಗೆ ಎಷ್ಟು ಸಸಾರ ಎಂಬುದಕ್ಕೆ ಕಲಬುರಗಿಯೇ ಸಾಕ್ಷಿ. ಅಲ್ಲಿನ ತಾಂಡಾಗಳ, ಹಳ್ಳಿಗಳ ಬಡ ಹೆಂಗಸರಿಗೆ ಬಿಳಿಸೆರಗು, ಬೆನ್ನುನೋವು ಎಂದು ಬಂದದ್ದಕ್ಕೆಲ್ಲ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ಪ್ರಕರಣಗಳನ್ನು ಕರ್ನಾಟಕ ಜನಾರೋಗ್ಯ ಚಳವಳಿ 2015ರ ಹೊತ್ತಿಗೆ ಬಯಲಿಗೆಳೆಯಿತು. ಕ್ಯಾನ್ಸರ್ ಇಲ್ಲದವರಿಗೇ ಹೀಗಾದರೆ, ನಿಜಕ್ಕೂ ಕ್ಯಾನ್ಸರ್ ಶಂಕೆ ಇರುವ ಹುಡುಗಿಯ ಪರ ಮಾತಾಡುವವರು ಯಾರು? 'ಎಲ್ಲ ತೆಗೆದುಬಿಡಿ ಡಾಕ್ಟ್ರೇ, ಜೀವ ಇದ್ದರೆ ಸಾಕು' ಎಂದು ಅಪ್ಪ ಕಾಗದಕ್ಕೆ ಸಹಿ ಹಾಕುತ್ತಾನೆ. ಅವಳು ಒಳಗೆ ಅರಿವಳಿಕೆಯಲ್ಲಿರುತ್ತಾಳೆ.

ಆ ಸಹಿಗೆ ಕಾನೂನಿನಲ್ಲಿ ಬೆಲೆ ಎಷ್ಟು ಎಂಬುದನ್ನು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಹೇಳಿದೆ. ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು 1995ರಲ್ಲಿ ಅತಿಸ್ರಾವವೆಂದು ವೈದ್ಯರ ಬಳಿ ಹೋಗಿದ್ದರು. ಲ್ಯಾಪ್ರೋಸ್ಕೋಪಿಯಲ್ಲಿ ನೋಡುವುದಕ್ಕೆಂದು ಅರಿವಳಿಕೆ ಕೊಟ್ಟಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ, ನಾಳ ಎಲ್ಲ ತೆಗೆದರು. ರೋಗ ಎಂಡೋಮೆಟ್ರಿಯೋಸಿಸ್. ಪ್ರಾಣಕ್ಕೆ ತಕ್ಷಣದ ಅಪಾಯವಿರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು, ಪ್ರಾಪ್ತ ವಯಸ್ಕಳ ಪರವಾಗಿ ತಾಯಿಯ ಒಪ್ಪಿಗೆ ಸಲ್ಲದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ ಎಂದಿತು ನ್ಯಾಯಾಲಯ. ಕೊಡಿಸಿದ ಪರಿಹಾರ 25 ಸಾವಿರ ರೂಪಾಯಿ. ಹದಿಮೂರು ವರ್ಷ ಅಲೆದದ್ದಕ್ಕೆ ಈ ಮೊತ್ತ ಏನೇನೂ ಅಲ್ಲ. ತೀರ್ಪಿನ ಮಾತು ಮಾತ್ರ ದೊಡ್ಡದು, ಹದಿನೆಂಟು ದಾಟಿದ ಪ್ರತಿ ಹುಡುಗಿಯ ಫೈಲಿಗೂ ಅದು ಅನ್ವಯಿಸುತ್ತದೆ.

ಉಳಿಸುವುದರ ಬೆಲೆ ಆಮೇಲೆ ತಿಳಿಯುತ್ತದೆ. ಗರ್ಭಕೋಶವೊಂದು ಉಳಿದರೂ, ಎರಡೂ ಅಂಡಾಶಯ ಹೋದವಳು ದಾನಿಯ ಅಂಡಾಣುವಿನಿಂದ ತಾನೇ ಹೆರಬಹುದು. ಗರ್ಭಕೋಶವೂ ಹೋದರೆ ಬಾಡಿಗೆ ತಾಯ್ತನವೇ ಗತಿ. 2021ರ ಕಾನೂನು ಅದನ್ನು ವಿವಾಹಿತ ದಂಪತಿಗೆ, 35ರಿಂದ 45 ವರ್ಷದ ವಿಧವೆ ಅಥವಾ ವಿಚ್ಛೇದಿತೆಗೆ ಸೀಮಿತಗೊಳಿಸಿದೆ. ದಂಪತಿಗೆ ದಾನಿಯ ಅಂಡಾಣು ಬಳಸಲು ಅವಕಾಶ ಮರಳಿ ಸಿಕ್ಕಿದ್ದು 2024ರ ಫೆಬ್ರುವರಿಯ ತಿದ್ದುಪಡಿಯಲ್ಲಿ. ಆಯುಷ್ಮಾನ್ ಯೋಜನೆಯಡಿ, ಅದನ್ನು ಸೇರಿಸಿಕೊಂಡ ಕೇರಳದ ಕಾರುಣ್ಯ ಯೋಜನೆಯಡಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಆಪರೇಷನ್ ಅದರೊಳಗೆ ಬರುತ್ತದೆ. ಬಂಜೆತನದ ಚಿಕಿತ್ಸೆ ಬರುವುದಿಲ್ಲ. ಅಂದರೆ ಅಂಡಾಶಯ ಉಳಿಸಲು ಸರ್ಕಾರಕ್ಕೆ ಹೆಚ್ಚಿನ ಖರ್ಚಿಲ್ಲ, ಕಳೆದುಕೊಂಡರೆ ಲಕ್ಷಗಳನ್ನು ಹೊಂದಿಸಬೇಕಾದವರು ಮನೆಯವರು. ಮದುವೆ ತಡವಾಗುತ್ತಿರುವ, ಹೆರಿಗೆ ಕಡಿಮೆಯಾಗುತ್ತಿರುವ ಕಾಲ ಇದು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು ಕೇರಳದಲ್ಲಿ 1.8, ಕರ್ನಾಟಕದಲ್ಲಿ 1.7. ಮೊದಲ ಮಗು ಆಗುವ ಮುಂಚೆಯೇ ರೋಗ ಬರುವ ಹೆಣ್ಣುಮಕ್ಕಳು ಇನ್ನು ಹೆಚ್ಚೇ ಆಗುತ್ತಾರೆ.

ಆಪರೇಷನ್ ಮುಗಿದರೆ ಕೆಲಸ ಮುಗಿಯಲಿಲ್ಲ. ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಸ್ಕ್ಯಾನ್, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಕೀಮೋ ಆಗಿದ್ದರೆ ಕನಿಷ್ಠ ಆರು ತಿಂಗಳಾದರೂ ಗರ್ಭ ಬೇಡ, ಎಷ್ಟು ಕಾಯಬೇಕೆಂಬುದನ್ನು ವೈದ್ಯರೇ ಹೇಳಬೇಕು. ಎಪಿಥೀಲಿಯಲ್ ಬಗೆಯಾದರೆ ಮಕ್ಕಳಾದ ಮೇಲೆ ಉಳಿದ ಅಂಡಾಶಯ, ಗರ್ಭಕೋಶ ತೆಗೆಸುವ ಮಾತು ಬರುತ್ತದೆ. ಅದು ಆಗ, ಅವಳ ತೀರ್ಮಾನದಿಂದ. ಮದುವೆ ಮಾತುಕತೆಯಲ್ಲಿ ಇದನ್ನು ಮುಚ್ಚಿಡುವ ಮನೆಗಳು ಫಾಲೋಅಪ್ಪಿಗೂ ಕಳಿಸುವುದಿಲ್ಲ. ಗಂಡನ ಮನೆಗೆ ಗೊತ್ತಾದೀತು ಎಂಬ ಭಯ. ಈ ಭಯವೇ ರೋಗಕ್ಕಿಂತ ಅಪಾಯಕಾರಿ ಎಂದು ನನಗನ್ನಿಸುತ್ತದೆ.

ನಿಮ್ಮ ಮನೆಯ ಹುಡುಗಿಗೆ ಅಂಡಾಶಯದ ಗಡ್ಡೆ ಎಂದರೆ, ತುರ್ತು ಇಲ್ಲದಿದ್ದರೆ, ರಕ್ತಪರೀಕ್ಷೆ ಮಾಡಿಸಿ ಸ್ತ್ರೀರೋಗ ಕ್ಯಾನ್ಸರ್ ತಜ್ಞರಿರುವ ಆಸ್ಪತ್ರೆಗೇ ನೇರ ಹೋಗಿ, ಅದು ಮಂಗಳೂರಾಗಲಿ, ತಲಶ್ಶೇರಿಯಾಗಲಿ, ಕೊಚ್ಚಿಯಾಗಲಿ, ತಿರುವನಂತಪುರವಾಗಲಿ. ಬೇರೆಡೆ ಆಪರೇಷನ್ ಆಗಿಹೋಗಿದ್ದರೆ ವರದಿಯ ಕಾಗದವಷ್ಟೇ ಸಾಲದು, ಗಡ್ಡೆಯ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದು ಜೊತೆಗೆ ಒಯ್ಯಿರಿ. ಒಪ್ಪಿಗೆ ಪತ್ರದಲ್ಲಿ ಏನು ತೆಗೆಯಬಹುದು, ಏನು ತೆಗೆಯಬಾರದು ಎಂಬುದನ್ನು ಬರೆಸಿ. ಹದಿನೆಂಟು ದಾಟಿದ್ದರೆ ಸಹಿ ಅವಳೇ ಹಾಕಲಿ.